ವಜ್ರ ಕೊಳ್ಳುವಾಗ ಸೆಂಟ್ ಜೊತೆ ಮಿಲಿಮೀಟರ್ ಕೂಡ ಕೇಳಿ

ಚಿಕ್ಕಪೇಟೆಗೋ ಜಯನಗರಕ್ಕೋ ವಜ್ರದ ಓಲೆ ನೋಡಲು ಹೋದರೆ ಮೊದಲು ಕಿವಿಗೆ ಬೀಳುವುದು ‘ಇದು ಇಷ್ಟು ಸೆಂಟ್’ ಅನ್ನುವ ಮಾತು. ಅದು ತೂಕ ಮಾತ್ರ. ಕಲ್ಲು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು ಬೇರೆ ವಿಷಯ.

ಮೊದಲು ತೂಕ ನೋಡೋಣ. 1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದರಲ್ಲಿ 100 ಸೆಂಟ್. ಚಿನ್ನದ 22 ಕ್ಯಾರೆಟ್‌ಗೂ ಇದಕ್ಕೂ ಸಂಬಂಧವಿಲ್ಲ, ಅದು ಶುದ್ಧತೆಯ ಲೆಕ್ಕ. ಬಿಲ್ಲಿನಲ್ಲಿ ಒಡವೆಯ ಒಟ್ಟು ತೂಕದಿಂದ ಕಲ್ಲಿನ ತೂಕ ಕಳೆದಿದ್ದಾರಾ ಅಂತ ಖಂಡಿತ ನೋಡಿ: 1 ಕ್ಯಾರೆಟ್ ಕಲ್ಲಿದ್ದರೆ 0.2 ಗ್ರಾಂ ಕಳೆಯಬೇಕು, ಇಲ್ಲದಿದ್ದರೆ ಕಲ್ಲಿನ ತೂಕಕ್ಕೂ ಚಿನ್ನದ ರೇಟು ಕೊಟ್ಟಂತಾಯಿತು, ಅಲ್ವಾ?

ಆಮೇಲೆ ಅಳತೆ. ಚೆನ್ನಾಗಿ ಕಟ್ ಮಾಡಿದ 1 ಕ್ಯಾರೆಟ್‌ನ ದುಂಡು ಕಲ್ಲು ಸುಮಾರು 6.5 ಮಿ.ಮೀ. ಅಗಲ ಇರುತ್ತದೆ. 50 ಸೆಂಟಿನದು ಅದರ ಅರ್ಧ ಅಂದುಕೊಳ್ಳಬೇಡಿ, ಸುಮಾರು 5.1 ಇರುತ್ತದೆ. 2 ಕ್ಯಾರೆಟ್‌ನದು 8.1ರ ಆಸುಪಾಸು, ಅಷ್ಟೇ. ತೂಕ ಜಾಸ್ತಿಯಾದಾಗ ಕಲ್ಲು ಅಗಲಕ್ಕೆ ಮಾತ್ರ ಬೆಳೆಯುವುದಿಲ್ಲ, ಆಳಕ್ಕೂ ಬೆಳೆಯುತ್ತದೆ, ಹಾಗಾಗಿ ಅಗಲ ಎರಡರಷ್ಟಾಗಬೇಕಾದರೆ ತೂಕ ಎಂಟರಷ್ಟಾಗಬೇಕು.

ಮೋಸ ಹೋಗುವುದು ಈ ಆಳದಲ್ಲೇ. ತೂಕ ಉಳಿಸಿಕೊಳ್ಳಲು ಕೆಲವು ಕಲ್ಲುಗಳನ್ನು ಆಳವಾಗಿ ಕಟ್ ಮಾಡಿರುತ್ತಾರೆ. ಆ ತೂಕವೆಲ್ಲ ಒಡವೆಯೊಳಗೆ ಅಡಗಿ ಕೂರುತ್ತದೆ, ಮೇಲಿಂದ ಕಲ್ಲು ಚಿಕ್ಕದಾಗಿ ಕಾಣುತ್ತದೆ, ಹೊಳಪೂ ಕಡಿಮೆ, ಆದರೆ ದುಡ್ಡು ಪೂರ್ತಿ ತೂಕಕ್ಕೇ ಕೊಡಬೇಕು. ಬಿಡಿ ಕಲ್ಲಿನ ಜಿಐಎ (ವಜ್ರ ಪರೀಕ್ಷಿಸುವ ಅಮೆರಿಕದ ಸಂಸ್ಥೆ) ಸರ್ಟಿಫಿಕೇಟ್‌ನಲ್ಲಿ ಅಳತೆ ಮಿಲಿಮೀಟರ್‌ನಲ್ಲಿ ಬರೆದಿರುತ್ತದೆ, ಆಳ ಅಗಲದ ಶೇಕಡಾ ಎಷ್ಟು ಅನ್ನುವುದೂ ಇರುತ್ತದೆ. ದುಂಡು ಕಲ್ಲಿಗೆ ಆಳ ಶೇ 60ರಿಂದ 62ರ ಹತ್ತಿರ ಇದ್ದರೆ ಒಳ್ಳೆಯದು. ಶೇ 65 ದಾಟಿದ್ದರೆ ಬೇರೆ ಕಲ್ಲು ತೋರಿಸಿ ಅನ್ನಿ.

ಇನ್ನು ರೇಟು. 50 ಸೆಂಟ್, 1 ಕ್ಯಾರೆಟ್ ಮುಟ್ಟಿದ ಕೂಡಲೇ ಪ್ರತಿ ಕ್ಯಾರೆಟ್‌ನ ಬೆಲೆ ಒಮ್ಮೆಲೇ ಏರುತ್ತದೆ. 95 ಸೆಂಟಿನ ಕಲ್ಲು 1 ಕ್ಯಾರೆಟ್‌ಗಿಂತ ಅಗಲದಲ್ಲಿ ಬರೀ 0.1 ಮಿ.ಮೀ. ಕಡಿಮೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ನನ್ನನ್ನು ಕೇಳಿದರೆ ಅದನ್ನೇ ತಗೊಳ್ಳಿ.

ನಮ್ಮ ಏಳು ಕಲ್ಲಿನ ಬೆಂಡೋಲೆಯಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಒಂದು ಜೊತೆ ಓಲೆಗೆ 1.40 ಕ್ಯಾರೆಟ್ ಅಂದರೆ ಅದು 14 ಕಲ್ಲುಗಳ ಒಟ್ಟು ತೂಕ. ಒಂದೊಂದೂ 10 ಸೆಂಟ್, ಸುಮಾರು 3 ಮಿ.ಮೀ. 1.40 ಕ್ಯಾರೆಟ್‌ನ ಒಂಟಿ ಕಲ್ಲು ಅಪರೂಪ, ಗುಣಮಟ್ಟ ಒಂದೇ ಆಗಿದ್ದರೂ ಬೆಲೆ ಬಹಳ ಜಾಸ್ತಿ. ಆ ರೇಟನ್ನು ಇದಕ್ಕೆ ಹಾಕಲು ಬಿಡಬೇಡಿ, ಬಿಲ್ಲಿನಲ್ಲಿ ಕಲ್ಲುಗಳ ಎಣಿಕೆಯನ್ನೂ ಬರೆಸಿಕೊಳ್ಳಿ.