ಹಳೇ ಸಂಚಿಕೆಗಳ ಪೂರ್ತಿ ಫೈಲ್ ಇಲ್ಲದೆ ನಮ್ಮ ಗದಗಿನ ವಾರಪತ್ರಿಕೆಯ ಇತಿಹಾಸ ಬರೆದೆ

"ಫೈಲೇ ಇಲ್ಲ, ಇತಿಹಾಸ ಹೆಂಗ ಬರೀತೀರಿ?" ಅಂತ ಕೇಳಿದ ಗೆಳೆಯರೇ ಈಗ ನನ್ನ ವರ್ಷವಾರು ಪಟ್ಟಿಯ ಪ್ರತಿ ಕೇಳುತ್ತಿದ್ದಾರೆ.

1921ರಲ್ಲಿ ಧಾರವಾಡದಲ್ಲಿ ಶುರುವಾದ ಕರ್ಮವೀರದ ಬಗ್ಗೆ ಬರೆದವರಿದ್ದಾರೆ. ಸಣ್ಣ ಪತ್ರಿಕೆಗೆ ಯಾರಿದ್ದಾರೆ? ಹಳೇ ಕಟ್ಟುಗಳು ಎಂದೋ ರದ್ದಿಗೆ ಹೋಗಿದ್ದವು. ಹಿರಿಯರಲ್ಲಿ ಒಬ್ಬರು ಚಲೇಜಾವ್ ಕಾಲದ್ದು ಅಂದರು, ಇನ್ನೊಬ್ಬರು 1952ರ ಚುನಾವಣೆಗೆ ಹುಟ್ಟಿದ್ದು ಅಂದರು.

ಸಿಕ್ಕಿದ್ದು ಹರಿದ ಹಾಳೆಗಳು, ಬಹಳಷ್ಟಕ್ಕೆ ತಾರೀಖೇ ಇಲ್ಲ. ಹಾಗಾಗಿ ಬೆಲೆ, ವಿಳಾಸ, ವರ್ಷಕ್ಕೊಂದರಂತೆ ಏರುವ ಸಂಪುಟ ಸಂಖ್ಯೆ ಹಿಡಿದೆ. ನಯಾ ಪೈಸೆ ಅಂತಿದ್ದರೆ 1957ರ ಏಪ್ರಿಲ್‌ನಿಂದ ಈಚಿನದು, 'ನಯಾ' ಬಿಟ್ಟಿದ್ದರೆ 1964ರ ಈಚಿನದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ದಾಟಿದೆ. 'ಜಿಲ್ಲಾ ಧಾರವಾಡ' ಅಂತಿದ್ದರೆ ಸಾಮಾನ್ಯವಾಗಿ ಗದಗ ಬೇರೆ ಜಿಲ್ಲೆಯಾದ 1997ಕ್ಕಿಂತ ಹಿಂದಿನದು. ಇದು ನಿಮಗೆಲ್ಲ ಗೊತ್ತಿರೋದೇ, ಆದರೆ ಸಂಪುಟದ ಜೊತೆ ಇಟ್ಟು ನೋಡಿದಾಗಲೇ ಕೆಲಸ ಆಗೋದು.

1950ರ ಗಣರಾಜ್ಯೋತ್ಸವ ಸಂಚಿಕೆ 2ನೇ ಸಂಪುಟದ್ದು. 1957ರ ಮೇ ತಿಂಗಳದು 9ನೆಯದು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪತ್ರಿಕೆ ಹುಟ್ಟಿದ್ದು 1948ರ ಮೇ ನಂತರ, 1949ರ ಜನವರಿಯೊಳಗೆ. ಹಿರಿಯರಿಬ್ಬರ ಮಾತೂ ಅಲ್ಲ! 1973ರ ನವೆಂಬರ್‌ನಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಾಗಿನ ಸಂಚಿಕೆಯ ಸಂಪುಟ 25 ಅಥವಾ 26 ಆಗಬೇಕಿತ್ತು, ಇದ್ದದ್ದು 23. ಅಂದರೆ ನಡುವೆ ಎರಡು-ಮೂರು ವರ್ಷ ನಿಂತಿತ್ತು. ಕೊನೇ ಪುಟದ ತಳದಲ್ಲಿ ಮುದ್ರಣಾಲಯದ ಹೆಸರು ಬದಲಾದದ್ದೂ ಆ ನಡುವೆಯೇ. ಇದನ್ನು ಕಂಡ ದಿನ ನನಗೆ ನಿದ್ದೆ ಬರಲಿಲ್ಲ.

ದುಡ್ಡಿನ ಮಾತು. ರದ್ದಿ ಅಂಗಡಿಯವರು ಕಿಲೋಗೆ 15 ಅಂದವರು, ನಾನು ಕೂತು ಆರಿಸುವುದು ನೋಡಿ 100 ಅಂದರು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್‌ಗೆ ಹಾಳೆಗೆ 20ರ ಆಸುಪಾಸು ಕೇಳಿದರು. ಬಿಟ್ಟೆ. ಮೊಬೈಲು, ಸ್ಟ್ಯಾಂಡು, ಒಂದು ಗಾಜು ಸಾಕಾಯ್ತು. ಹಾಳೆಯ ಕೆಳಗೆ ಕಪ್ಪು ಕಾಗದ ಇಡಿ, ಹಿಂದಿನ ಅಕ್ಷರ ಕಾಣಲ್ಲ. ಒಟ್ಟು ಒಂಬತ್ತು ಸಾವಿರ ಹೋಗಿರಬೇಕು, ಜಾಸ್ತಿ ರದ್ದಿಗೇ.

ಅಕ್ಷರ ಓದುವ ಸಾಫ್ಟ್‌ವೇರ್‌ಗೂ ಹಾಕಿ ನೋಡಿದೆ. ಸವೆದ ಅಚ್ಚುಮೊಳೆಯ ಒತ್ತಕ್ಷರ ಅದಕ್ಕೆ ದಕ್ಕಲಿಲ್ಲ, ತಿದ್ದುವುದಕ್ಕಿಂತ ಕೈಯಿಂದ ಬೆರಳಚ್ಚು ಮಾಡುವುದೇ ಬೇಗ. ಜಯಧರ ಹತ್ತಿಯ ಪೇಟೆ ಧಾರಣೆಯಿಂದ ತಾರೀಖು ಹಿಡಿಯಲೂ ನೋಡಿದೆ. ಹೋಲಿಸಲು ಇನ್ನೊಂದು ಪತ್ರಿಕೆಯ ಧಾರಣೆ ಬೇಕಲ್ವಾ, ಅದು ಸಿಗದೆ ಅರ್ಧಕ್ಕೇ ನಿಂತಿದೆ.

ಅಂಟಿಕೊಂಡ ಹಾಳೆ ಬಿಡಿಸುವ ಉಪಾಯ ಮಾತ್ರ ಇಲ್ಲಿ ಬರೆಯಲ್ಲ. ಅರ್ಧ ತಿಳಿದು ಮಾಡಿದರೆ ಹಾಳೆ ಪುಡಿಯಾಗುತ್ತದೆ. ಗದಗಿಗೆ ಬನ್ನಿ, ಎದುರಿಗೇ ತೋರಿಸುತ್ತೇನೆ.

ಈಗ ಹಾವೇರಿ ಕಡೆಯ ಒಂದು ಪಾಕ್ಷಿಕಕ್ಕೆ ಇದೇ ಲೆಕ್ಕ ಹಚ್ಚಿದ್ದೇನೆ. ವರ್ಷಕ್ಕೆ 24 ಸಂಚಿಕೆ ಅಷ್ಟೇ, ಹಾಳೆಗಳು ಬೇಗ ಜೋಡಿಯಾಗುತ್ತಿವೆ.