ವೆಬ್‌ಕ್ಯಾಮ್‌ನ ಚಿತ್ರ ಬಂತು, ಧ್ವನಿ ಎಲ್ಲಿ? ಒಬಿಎಸ್‌ನಲ್ಲಿ ನಾನು ಹುಡುಕುವ ಕ್ರಮ

ಯುಎಸ್‌ಬಿ ವೆಬ್‌ಕ್ಯಾಮ್‌ನ ಒಂದೇ ವೈರಿನ ತುದಿಯಲ್ಲಿ ಎರಡು ಸಾಧನಗಳಿರುತ್ತವೆ. ಚಿತ್ರ ಕೊಡುವ ಕ್ಯಾಮೆರಾ ಒಂದು, ಧ್ವನಿ ಕೊಡುವ ಮೈಕ್ ಇನ್ನೊಂದು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ನೋಡಿ, ಎರಡೂ ಬೇರೆ ಬೇರೆ ಪಟ್ಟಿಯಲ್ಲಿ ಕಾಣುತ್ತವೆ. ರೆಕಾರ್ಡಿಂಗ್‌ಗೆ ಬಳಸುವ ಒಬಿಎಸ್ ಸ್ಟುಡಿಯೊ ಎಂಬ ಸಾಫ್ಟ್‌ವೇರ್‌ನಲ್ಲಿ ಪಾಠ, ಅಡುಗೆ, ತಾಳಮದ್ದಳೆ ಏನನ್ನೇ ರೆಕಾರ್ಡ್ ಮಾಡಿದರೂ ಎದುರಾಗುವ ಧ್ವನಿಯ ತೊಂದರೆಗಳಲ್ಲಿ ಬಹಳಷ್ಟು ಈ ಸಂಗತಿ ಗಮನಕ್ಕೆ ಬಾರದೆ ಹುಟ್ಟಿದಂಥವು. ಆದ್ದರಿಂದ ಧ್ವನಿ ಬರುತ್ತಿಲ್ಲ ಎಂದಾಗ ನಾನು ಕ್ಯಾಮೆರಾ ಬಿಟ್ಟು ಮೈಕಿನ ದಾರಿ ಹಿಡಿಯುತ್ತೇನೆ. ಮೈಕಿನಿಂದ ವಿಂಡೋಸ್‌ಗೆ, ಅಲ್ಲಿಂದ ಒಬಿಎಸ್‌ಗೆ, ಒಬಿಎಸ್‌ನಿಂದ ಫೈಲಿಗೆ. ಎಲ್ಲಿ ಕಡಿದಿದೆ ಎಂಬುದು ಈ ಕ್ರಮದಲ್ಲಿ ನೋಡಿದರೆ ಬೇಗ ಸಿಗುತ್ತದೆ.

ಮೊದಲು ಒಬಿಎಸ್ ಮುಚ್ಚಿ, ವಿಂಡೋಸ್‌ನ ಸೌಂಡ್ ರೆಕಾರ್ಡರ್‌ನಲ್ಲಿ ವೆಬ್‌ಕ್ಯಾಮ್‌ನ ಮೈಕನ್ನು ಆರಿಸಿ ನಾಲ್ಕು ಮಾತು ಆಡಿ ಕೇಳುತ್ತೇನೆ. ಅಲ್ಲೂ ಸದ್ದಿಲ್ಲದಿದ್ದರೆ ಒಬಿಎಸ್‌ನಲ್ಲಿ ತಡಕಾಡಿ ಫಲವಿಲ್ಲ. ಅಲ್ಲಿ ಸರಿಯಾಗಿ ಕೇಳಿ ಒಬಿಎಸ್ ಮಾತ್ರ ಮೂಕವಾಗಿದ್ದರೆ ನನ್ನ ಮೊದಲ ಸಂಶಯ ಅನುಮತಿಯ ಮೇಲೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಮೈಕ್ರೋಫೋನ್ ಎಂಬಲ್ಲಿಗೆ ಹೋಗಿ. ಮೇಲಿನ ಸ್ವಿಚ್ ಆನ್ ಇದ್ದರಷ್ಟೇ ಸಾಲದು. ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆಂದೇ ಬೇರೊಂದು ಸ್ವಿಚ್ ಇದೆ, ಒಬಿಎಸ್ ಅದರ ವ್ಯಾಪ್ತಿಗೆ ಬರುತ್ತದೆ. ಸೌಂಡ್ ರೆಕಾರ್ಡರ್ ಸ್ಟೋರ್ ಆ್ಯಪ್ ಆದ್ದರಿಂದ ಈ ಕೆಳಗಿನ ಸ್ವಿಚ್ ಅದನ್ನು ತಡೆಯುವುದಿಲ್ಲ. ಮ್ಯಾಕ್‌ನಲ್ಲೂ ಪ್ರೈವೆಸಿ ವಿಭಾಗದ ಮೈಕ್ರೋಫೋನ್ ಪಟ್ಟಿಯಲ್ಲಿ ಒಬಿಎಸ್‌ಗೆ ಅನುಮತಿ ಕೊಟ್ಟು, ಆಮೇಲೆ ಒಬಿಎಸ್ಸನ್ನು ಮುಚ್ಚಿ ತೆರೆಯಬೇಕು.

ಈಗ ಒಬಿಎಸ್. 'ವೀಡಿಯೊ ಕ್ಯಾಪ್ಚರ್ ಡಿವೈಸ್' ಸೇರಿಸಿದೆ, ಮುಖ ಕಾಣುತ್ತಿದೆ, ಆದರೆ ಆಡಿಯೊ ಮಿಕ್ಸರ್‌ನಲ್ಲಿ ಅದರ ಧ್ವನಿಮಟ್ಟ ತೋರಿಸುವ ಪಟ್ಟಿಯೇ ಇಲ್ಲ ಎಂದು ಅನೇಕರು ಕೇಳುತ್ತಾರೆ. ಇದು ದೋಷವಲ್ಲ. ಒಬಿಎಸ್‌ಗೆ ಚಿತ್ರವನ್ನೋ ಧ್ವನಿಯನ್ನೋ ತರುವ ಮೂಲಕ್ಕೆ ಸೋರ್ಸ್ ಎನ್ನುತ್ತಾರೆ, ಆ ಸೋರ್ಸ್ ತಂದದ್ದು ಕ್ಯಾಮೆರಾವನ್ನು ಮಾತ್ರ. ಮೈಕನ್ನು ತರಲು ಮೂರು ದಾರಿಗಳಿವೆ: ವಿಂಡೋಸ್‌ನಲ್ಲಾದರೆ ಆ ಸೋರ್ಸ್‌ನ ಪ್ರಾಪರ್ಟೀಸ್‌ನಲ್ಲಿ ಕೊನೆಯತನಕ ಸ್ಕ್ರಾಲ್ ಮಾಡಿ 'ಯೂಸ್ ಕಸ್ಟಮ್ ಆಡಿಯೊ ಡಿವೈಸ್' ಟಿಕ್ ಮಾಡುವುದು, 'ಆಡಿಯೊ ಇನ್‌ಪುಟ್ ಕ್ಯಾಪ್ಚರ್' ಎಂಬ ಬೇರೆ ಸೋರ್ಸ್ ಸೇರಿಸುವುದು, ಇಲ್ಲವೇ ಒಬಿಎಸ್‌ನ ಸೆಟ್ಟಿಂಗ್ಸ್‌ನ ಆಡಿಯೊ ಪುಟದಲ್ಲಿ ಮೈಕ್ ಆರಿಸುವುದು. ಲಿನಕ್ಸ್‌ನಲ್ಲಿ ಮೊದಲ ದಾರಿ ಇಲ್ಲ, ಅಲ್ಲಿನ ವೀಡಿಯೊ ಸೋರ್ಸ್‌ಗೆ ಧ್ವನಿಯ ಸಂಬಂಧವೇ ಇಲ್ಲ.

ನಾನು ಹಿಡಿಯುವುದು ಮೂರನೆಯ ದಾರಿ. ಮೊದಲ ಎರಡರಲ್ಲಿ ಧ್ವನಿ ಸೀನ್‌ಗೆ, ಅಂದರೆ ಒಟ್ಟಿಗೆ ತೋರಿಸುವ ಸೋರ್ಸ್‌ಗಳ ಗುಂಪಿಗೆ, ಅಂಟಿಕೊಂಡಿರುತ್ತದೆ. ಕ್ಯಾಮೆರಾ ಇರುವ ಸೀನ್‌ನಿಂದ ಸ್ಲೈಡ್ ತೋರಿಸುವ ಸೀನ್‌ಗೆ ಹೋದಕೂಡಲೇ ಮಾತು ನಿಂತುಹೋಗುತ್ತದೆ. ಪಾಠ ಮಾಡುವವರಿಗೆ ಇದು ರೆಕಾರ್ಡಿಂಗ್ ಮುಗಿದ ಮೇಲೆಯೇ ಗೊತ್ತಾಗುವುದು. ಸೆಟ್ಟಿಂಗ್ಸ್‌ನಲ್ಲಿ ಇಟ್ಟ ಮೈಕ್ ಎಲ್ಲ ಸೀನ್‌ಗಳಲ್ಲೂ ಇರುತ್ತದೆ. ಯಾವ ದಾರಿಯನ್ನೇ ಹಿಡಿಯಿರಿ, ಒಂದನ್ನು ಮಾತ್ರ ಹಿಡಿಯಿರಿ. ಒಂದೇ ಮೈಕ್ ಎರಡು ಕಡೆಯಿಂದ ಬಂದರೆ ಕೆಲವು ಮಿಲಿಸೆಕೆಂಡ್ ಅಂತರದಲ್ಲಿ ಒಂದೇ ಧ್ವನಿ ತನ್ನ ಮೇಲೆ ತಾನೇ ಬೀಳುತ್ತದೆ. ಆಗ ಮಾತು ತಗಡಿನ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ಕೋಣೆಯ ಪ್ರತಿಧ್ವನಿ ಎಂದುಕೊಂಡು ಗೋಡೆಗೆ ಕಂಬಳಿ ಕಟ್ಟುವ ಮುನ್ನ ಮಿಕ್ಸರ್ ನೋಡಿ: ಮಾತಾಡುವಾಗ ಎರಡು ಪಟ್ಟಿಗಳು ಒಟ್ಟೊಟ್ಟಿಗೆ ಕುಣಿಯುತ್ತಿದ್ದರೆ ಕಾರಣ ಅಲ್ಲೇ ಇದೆ.

ಮೈಕ್ ಆರಿಸುವಾಗ 'ಡಿಫಾಲ್ಟ್' ಎಂದು ಬಿಡಬೇಡಿ, ಹೆಸರು ಹಿಡಿದು ಆರಿಸಿ. ಬ್ಲೂಟೂತ್ ಹೆಡ್‌ಸೆಟ್ ಹಾಕಿದಾಗ ವಿಂಡೋಸ್ ಅದರ ಮೈಕನ್ನೇ ಡಿಫಾಲ್ಟ್ ಮಾಡಿಬಿಡಬಹುದು. ಹ್ಯಾಂಡ್ಸ್‌-ಫ್ರೀ ವಿಧಾನದಲ್ಲಿ ಸಾಮಾನ್ಯವಾಗಿ ಅದು ಕೊಡುವುದು 8 ಅಥವಾ 16 ಕಿಲೋಹರ್ಟ್ಸ್‌ನ ಫೋನ್ ದರ್ಜೆಯ ಧ್ವನಿ. ಇನ್ನೊಂದು ಸಂಗತಿ, ವೆಬ್‌ಕ್ಯಾಮನ್ನು ಬೇರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿದರೆ ವಿಂಡೋಸ್ ಅದನ್ನು ಹೊಸ ಸಾಧನ ಎಂದು ತಿಳಿದು ಹೆಸರಿನ ಮುಂದೆ '2-' ಸೇರಿಸುವುದುಂಟು. ಒಬಿಎಸ್ ಮಾತ್ರ ಹಳೆಯದನ್ನೇ ಕಾಯುತ್ತಾ ಕೂರುತ್ತದೆ. 'ನಿನ್ನೆ ಬರುತ್ತಿತ್ತು, ಇವತ್ತು ಇಲ್ಲ' ಎಂಬ ದೂರಿಗೆ ಇದೇ ಕಾರಣವಾಗಿರುವುದು ಹೆಚ್ಚು. ಪೋರ್ಟಿಗೊಂದು ಚೀಟಿ ಅಂಟಿಸಿಡಿ.

ಮಿಕ್ಸರ್‌ನಲ್ಲಿ ಮೀಟರ್ ಆಡುತ್ತದೆ, ಫೈಲಿನಲ್ಲಿ ಮಾತಿಲ್ಲ. ಆಗ ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್ ತೆರೆಯಿರಿ. ಬಲಗಡೆ 1ರಿಂದ 6ರವರೆಗೆ ಟ್ರ್ಯಾಕ್‌ಗಳಿವೆ. ಮೈಕ್ 2ನೇ ಟ್ರ್ಯಾಕಿನಲ್ಲಿ ಮಾತ್ರ ಇದ್ದರೆ ಹೆಚ್ಚಿನ ಪ್ಲೇಯರ್‌ಗಳು ಮೊದಲ ಟ್ರ್ಯಾಕನ್ನಷ್ಟೇ ನುಡಿಸಿ ಸುಮ್ಮನಾಗುತ್ತವೆ. ಔಟ್‌ಪುಟ್ ಪುಟದ ರೆಕಾರ್ಡಿಂಗ್ ಟ್ಯಾಬ್‌ನಲ್ಲೂ ಅದೇ ಟ್ರ್ಯಾಕ್‌ಗೆ ಟಿಕ್ ಇರಬೇಕು. ಅದೇ ಕಿಟಕಿಯಲ್ಲಿ ಮಾನಿಟರಿಂಗ್ 'ಮಾನಿಟರ್ ಓನ್ಲಿ' ಎಂದಿದ್ದರೆ ಧ್ವನಿ ನಿಮ್ಮ ಕಿವಿಗೆ ಬರುತ್ತದೆ, ಫೈಲಿಗೆ ಹೋಗುವುದಿಲ್ಲ. ಒಂದೇ ಕಿವಿಯಲ್ಲಿ ಕೇಳುತ್ತಿದ್ದರೆ ಅಲ್ಲೇ 'ಮೋನೊ' ಟಿಕ್ ಮಾಡಿ.

ಧ್ವನಿ ಚರಚರ ಎನ್ನುತ್ತಿದ್ದರೆ, ಇಲ್ಲವೇ ಯಂತ್ರದ ದನಿಯಂತಾದರೆ, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆಯುತ್ತದೆ ಎಂಬುದು) ನೋಡುತ್ತೇನೆ. ಒಬಿಎಸ್‌ನಲ್ಲಿ 48 ಕಿಲೋಹರ್ಟ್ಸ್ ಇಟ್ಟು, ವಿಂಡೋಸ್‌ನ ಹಳೆಯ ಸೌಂಡ್ ಪ್ಯಾನೆಲ್‌ನ ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಮೈಕಿನ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಎಂಬಲ್ಲೂ 48000 ಇಡುತ್ತೇನೆ. ಪಟ್ಟಿಯಲ್ಲಿ 48000 ಇಲ್ಲದ ಮೈಕ್ ಆದರೆ ಇರುವುದರಲ್ಲಿ ದೊಡ್ಡದನ್ನು ಆರಿಸಿ. ಅಲ್ಲೇ ಇರುವ 'ಎಕ್ಸ್‌ಕ್ಲೂಸಿವ್ ಕಂಟ್ರೋಲ್' ಟಿಕ್ ತೆಗೆಯಿರಿ, ಇಲ್ಲದಿದ್ದರೆ ಮೀಟಿಂಗ್ ಆ್ಯಪ್ ಒಂದು ಮೈಕನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಬಹುದು. ಯುಎಸ್‌ಬಿ ಹಬ್ ಇದ್ದರೆ ಕ್ಯಾಮೆರಾವನ್ನು ಅದರಿಂದ ಬಿಡಿಸಿ ನೇರ ಕಂಪ್ಯೂಟರಿಗೆ ಹಾಕಿ. ಯುಎಸ್‌ಬಿ 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. 1080ಪಿ, 30 ಫ್ರೇಮ್‌ನ ಚಿತ್ರವನ್ನು ಕುಗ್ಗಿಸದೆ ಕಳಿಸಲು ಅದರ ಎರಡು ಪಟ್ಟು ಬೇಕು. ಅದಕ್ಕೇ ಕ್ಯಾಮೆರಾ ಸೋರ್ಸ್‌ನ ಪ್ರಾಪರ್ಟೀಸ್‌ನಲ್ಲಿ ವೀಡಿಯೊ ಫಾರ್ಮ್ಯಾಟ್, ಚಿತ್ರವನ್ನು ಕುಗ್ಗಿಸಿ ಕಳಿಸುವ ಎಂಜೆಪೆಗ್ ಆಗಿರಲಿ. ಒಂದೇ ಹಬ್‌ನಲ್ಲಿ ಹಾರ್ಡ್ ಡಿಸ್ಕೂ ಇದ್ದರೆ ಆ ಇಕ್ಕಟ್ಟಿನಲ್ಲಿ ಧ್ವನಿ ಕಡಿದು ಕಡಿದು ಬರುವುದುಂಟು.

ಗುಣಮಟ್ಟದ ವಿಷಯಕ್ಕೆ ಬಂದರೆ, ವೆಬ್‌ಕ್ಯಾಮ್ ಮೈಕಿನ ದೊಡ್ಡ ಶತ್ರು ದೂರ. ದೂರ ಎರಡು ಪಟ್ಟಾದರೆ ನೇರವಾಗಿ ತಲುಪುವ ಧ್ವನಿ 6 ಡೆಸಿಬಲ್ ಇಳಿಯುತ್ತದೆ. ಮಾನಿಟರ್ ಮೇಲಿನ ಕ್ಯಾಮೆರಾ ಬಾಯಿಂದ 80 ಸೆಂಟಿಮೀಟರ್, ಕಾಲರ್ ಮೈಕ್ 20 ಸೆಂಟಿಮೀಟರ್ ಅಂದರೆ 12 ಡೆಸಿಬಲ್ ವ್ಯತ್ಯಾಸ. ಫ್ಯಾನಿನ ಸದ್ದು ಮಾತ್ರ ಇಳಿಯುವುದಿಲ್ಲ, ಗೇನ್ (ಮೈಕಿನ ಧ್ವನಿ ಹಿಗ್ಗಿಸುವ ಮಟ್ಟ) ಏರಿಸಿದಷ್ಟೂ ಅದೂ ಏರುತ್ತದೆ. ಆದ್ದರಿಂದ ಕ್ಯಾಮೆರಾವನ್ನು 40–50 ಸೆಂಟಿಮೀಟರ್‌ಗೆ ತಂದು, ಮಾತಿನ ಏರು ಮೀಟರಿನ ಹಳದಿ ಭಾಗದಲ್ಲಿ, ಮೈನಸ್ 15ರಿಂದ ಮೈನಸ್ 10ರ ನಡುವೆ ಆಡುವಂತೆ ನೋಡಿಕೊಳ್ಳುತ್ತೇನೆ. ಫಿಲ್ಟರ್‌ಗಳಲ್ಲಿ ಮೊದಲು ಹಿನ್ನೆಲೆ ಸದ್ದು ಇಳಿಸುವ ನಾಯ್ಸ್ ಸಪ್ರೆಷನ್ ಹಾಕಿ ಅದರಲ್ಲಿ ಆರ್‌ಎನ್‌ನಾಯ್ಸ್ ಎಂಬ ವಿಧಾನ ಆರಿಸುತ್ತೇನೆ, ನಂತರ ದನಿಯ ಏರಿಳಿತ ತಗ್ಗಿಸುವ 3:1 ಅನುಪಾತದ ಕಂಪ್ರೆಸರ್, ಕೊನೆಗೆ ಧ್ವನಿ ಮಿತಿ ಮೀರದಂತೆ ತಡೆಯುವ ಲಿಮಿಟರ್.

ಧ್ವನಿ ಒಂದು ಮಟ್ಟಕ್ಕಿಂತ ತಗ್ಗಿದಾಗ ಮೈಕನ್ನು ಮೌನವಾಗಿಸುವ ನಾಯ್ಸ್ ಗೇಟ್ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಕನ್ನಡದ ಮಾತಿಗೆ ಅದನ್ನು ಡಿಫಾಲ್ಟ್ ಅಳತೆಯಲ್ಲಿ ಹಾಕಬೇಡಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ದನಿ ತಗ್ಗುವುದೂ ಅಲ್ಲಿಯೇ. ಗೇಟ್ ಮುಚ್ಚುವುದು ಮೈನಸ್ 32 ಡೆಸಿಬಲ್‌ನಲ್ಲಿ. 'ಉಪ್ಪು ಹಾಕಬೇಕು', 'ಉಪ್ಪು ಹಾಕಬಾರದು' ಎರಡೂ 'ಉಪ್ಪು ಹಾಕ' ಎಂದು ತುಂಡಾದರೆ ಕೇಳುವವರ ಗತಿಯೇನು? ಹಾಕಲೇಬೇಕಿದ್ದರೆ ಮುಚ್ಚುವ ಮಟ್ಟವನ್ನು ಮೈನಸ್ 45ರ ಆಸುಪಾಸಿಗೆ ಇಳಿಸಿ, ಹೋಲ್ಡ್ (ದನಿ ತಗ್ಗಿದ ಮೇಲೂ ಗೇಟ್ ತೆರೆದಿರುವ ಸಮಯ) 200ರಿಂದ 400 ಮಿಲಿಸೆಕೆಂಡ್‌ಗೆ ಏರಿಸಿ.

ಉಳಿದದ್ದು ತುಟಿ ಮತ್ತು ಮಾತಿನ ಹೊಂದಾಣಿಕೆ. ಕ್ಯಾಮೆರಾದ ಚಿತ್ರ ಸಂಸ್ಕರಣೆಯಾಗಿ ಬರುವಷ್ಟರಲ್ಲಿ ಧ್ವನಿ ಮುಂದೆ ಓಡಿರುತ್ತದೆ. ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ, ಎಡಿಟರ್‌ನಲ್ಲಿ ಫ್ರೇಮ್ ಫ್ರೇಮಾಗಿ ನೋಡಿ. ಸದ್ದು ಬಂದ ಮೇಲೆ ಎಷ್ಟು ಫ್ರೇಮ್ ಕಳೆದು ಅಂಗೈಗಳು ಕೂಡಿದವು ಎಂದು ಎಣಿಸಿ. 30 ಫ್ರೇಮ್‌ನ ವೀಡಿಯೊದಲ್ಲಿ ಒಂದು ಫ್ರೇಮ್ ಅಂದರೆ 33 ಮಿಲಿಸೆಕೆಂಡ್. ಚಿತ್ರ ನಾಲ್ಕು ಫ್ರೇಮ್ ಹಿಂದಿದ್ದರೆ ಮೈಕಿನ ಸಿಂಕ್ ಆಫ್‌ಸೆಟ್‌ಗೆ 133 ಬರೆಯಿರಿ, ಧ್ವನಿ ಅಷ್ಟು ತಡವಾಗಿ ಸೇರುತ್ತದೆ. ಈ ಅಳತೆಯನ್ನು ರೆಕಾರ್ಡ್ ಮಾಡುವ ಬೆಳಕಿನಲ್ಲೇ ತೆಗೆಯಬೇಕು. ಬೆಳಕು ಕಡಿಮೆಯಾದರೆ ಅನೇಕ ವೆಬ್‌ಕ್ಯಾಮ್‌ಗಳು ತಾವಾಗಿಯೇ 15 ಫ್ರೇಮ್‌ಗೆ ಇಳಿದು ಚಿತ್ರ ಇನ್ನೂ ತಡವಾಗುತ್ತದೆ. ಎಕ್ಸ್‌ಪೋಷರ್‌ನ 'ಆಟೊ' ತೆಗೆದು ಕೈಯಾರೆ ಇಟ್ಟರೆ ಈ ಏರಿಳಿತ ನಿಲ್ಲುತ್ತದೆ.

ಆರಂಭದಲ್ಲಿ ಸರಿಯಿದ್ದು ಅರ್ಧ ಗಂಟೆಯ ಹೊತ್ತಿಗೆ ಜಾರುವುದಾದರೆ ಆಫ್‌ಸೆಟ್‌ನಿಂದ ಪ್ರಯೋಜನವಿಲ್ಲ. ಹೆಲ್ಪ್ ಮೆನುವಿನಿಂದ ಲಾಗ್ ಫೈಲ್ ತೆರೆದು 'ಮ್ಯಾಕ್ಸ್ ಆಡಿಯೊ ಬಫರಿಂಗ್ ರೀಚ್ಡ್' ಎಂಬ ಸಾಲು ಹುಡುಕುತ್ತೇನೆ. ಯಾವುದೋ ಆಡಿಯೊ ಸೋರ್ಸ್ ತಡವಾಗಿ ಬರುತ್ತಾ ಒಬಿಎಸ್‌ನ ಬಫರ್ (ಧ್ವನಿಯನ್ನು ತಾತ್ಕಾಲಿಕವಾಗಿ ಕೂಡಿಡುವ ಜಾಗ) ತನ್ನ ಮಿತಿ ಮುಟ್ಟಿದೆ ಎಂದು ಅದರ ಅರ್ಥ. ಬಳಸದ ಆಡಿಯೊ ಸೋರ್ಸ್‌ಗಳನ್ನೆಲ್ಲ 'ಡಿಸೇಬಲ್ಡ್' ಮಾಡಿ, ಒಬಿಎಸ್ ಮುಚ್ಚಿ ತೆರೆದು, ಒಂದೊಂದನ್ನೇ ಮರಳಿ ಸೇರಿಸುತ್ತಾ ಹೋದರೆ ಆ ಸೋರ್ಸ್ ಯಾವುದೆಂದು ಲಾಗ್‌ನಲ್ಲಿ ಮತ್ತೆ ಅದೇ ಸಾಲು ಕಾಣಿಸಿಕೊಂಡಾಗ ತಿಳಿಯುತ್ತದೆ.