ಸುಝೌನಿಂದ ಪುತ್ತೂರಿಗೆ: ಚೀನಾದ ಅಂತರ್ಜಾಲ ನಿರ್ಬಂಧದ ನಡುವೆ ಮನೆಯೊಡನೆ ಮಾತು ಉಳಿಸಿಕೊಂಡ ಅನುಭವ

2018ರ ಮಾರ್ಚ್ ತಿಂಗಳಲ್ಲಿ ನಾನು ಕೆಲಸದ ನಿಮಿತ್ತ ಚೀನಾದ ಸುಝೌ ನಗರಕ್ಕೆ ಹೋದೆ. ಶಾಂಘೈಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಆ ಊರಿನಲ್ಲಿ ವಿದೇಶಿ ಕಂಪನಿಗಳ ಕಾರ್ಖಾನೆಗಳು ಬಹಳ. ಅಂಥದೊಂದರಲ್ಲಿ ವಾಹನದ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ವಿಭಾಗಕ್ಕೆ ನನ್ನನ್ನು ಕಳುಹಿಸಿದ್ದರು. ಹೆಂಡತಿ ಮತ್ತು ಆರು ವರ್ಷದ ಮಗಳು ಮಂಗಳೂರಿನಲ್ಲಿದ್ದರು, ಅಮ್ಮ ಪುತ್ತೂರಿನ ಹತ್ತಿರದ ನಮ್ಮ ಅಡಿಕೆ ತೋಟದ ಮನೆಯಲ್ಲಿದ್ದರು. ಚೀನಾದಲ್ಲಿ ಫೇಸ್‌ಬುಕ್ ಇಲ್ಲ, ಯೂಟ್ಯೂಬ್ ಇಲ್ಲ ಎಂಬುದನ್ನು ಕೇಳಿ ತಿಳಿದಿದ್ದೆ. ಆದರೆ ಅದು ದಿನದ ಬದುಕಿನಲ್ಲಿ ಹೇಗೆ ಎದುರಾಗುತ್ತದೆ ಎಂಬುದರ ಅರಿವು ನನಗಿರಲಿಲ್ಲ.

ಶಾಂಘೈ ವಿಮಾನ ನಿಲ್ದಾಣದಲ್ಲಿ ಇಳಿದು ಫೋನ್ ಹಚ್ಚಿದಾಗ, ಭಾರತದಿಂದಲೇ ರೋಮಿಂಗ್ ಹಾಕಿಸಿಕೊಂಡು ಹೋಗಿದ್ದ ಸಿಮ್‌ನಲ್ಲಿ ವಾಟ್ಸ್ಆ್ಯಪ್ ಸರಾಗವಾಗಿ ನಡೆಯಿತು. ತಲುಪಿದೆ ಎಂದು ಹೆಂಡತಿಗೆ ಬರೆದೆ, ಉತ್ತರವೂ ಬಂತು. ಎರಡು ಗಂಟೆಗಳ ಬಳಿಕ ಸುಝೌನ ಕೋಣೆಯಲ್ಲಿ ವೈಫೈಗೆ ಸೇರಿಕೊಂಡೊಡನೆ ಅದೇ ಫೋನಿನಲ್ಲಿ ಅದೇ ವಾಟ್ಸ್ಆ್ಯಪ್ ‘ಸಂಪರ್ಕಿಸಲಾಗುತ್ತಿದೆ’ ಎಂದು ಸುತ್ತುತ್ತಾ ನಿಂತುಬಿಟ್ಟಿತು. ಫೋನ್ ಕೆಟ್ಟಿತೆಂದು ಆರಿಸಿ ಹಚ್ಚಿದೆ, ಆ್ಯಪನ್ನು ತೆಗೆದು ಮತ್ತೆ ಹಾಕಲು ಹೊರಟೆ. ಆಗ ಗೂಗಲ್ ಪ್ಲೇ ಕೂಡ ತೆರೆಯುವುದಿಲ್ಲ ಎಂದು ಗೊತ್ತಾಯಿತು. ಅದೃಷ್ಟವಶಾತ್ ಆ್ಯಪನ್ನು ಇನ್ನೂ ಅಳಿಸಿರಲಿಲ್ಲ. ಹೊಸದಾಗಿ ಹೋಗುವವರಿಗೆ ನಾನು ಹೇಳುವ ಮೊದಲ ಮಾತು ಈ ರಾತ್ರಿಯಿಂದಲೇ ಬಂದದ್ದು: ಅಲ್ಲಿ ಬೇಕಾಗುವ ಪ್ರತಿಯೊಂದು ಆ್ಯಪನ್ನೂ ಊರಿನಲ್ಲೇ ಹಾಕಿಕೊಂಡು, ಒಮ್ಮೆ ತೆರೆದು, ಲಾಗಿನ್ ಆಗಿ ಹೋಗಬೇಕು, ಅಲ್ಲಿಗೆ ಹೋದ ಮೇಲೆ ಯಾವುದನ್ನೂ ಅಳಿಸಬಾರದು.

ವಿಮಾನ ನಿಲ್ದಾಣದಲ್ಲಿ ನಡೆದದ್ದು ಕೋಣೆಯಲ್ಲಿ ಏಕೆ ನಡೆಯಲಿಲ್ಲ ಎಂಬುದನ್ನು ಬಿಡಿಸಿಕೊಳ್ಳಲು ನನಗೆ ಕೆಲವು ವಾರಗಳೇ ಬೇಕಾದವು. ಅಷ್ಟು ಅರ್ಥವಾದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು. ವೈಫೈ ಬಳಸಿದಾಗಲಾಗಲಿ ಚೀನಾದ ಸಿಮ್ ಬಳಸಿದಾಗಲಾಗಲಿ ನಮ್ಮ ಕೋರಿಕೆ ಆ ದೇಶದ ಜಾಲದ ಮೂಲಕವೇ ಹೊರಗೆ ಹೋಗಬೇಕು, ಮತ್ತು ಗಡಿಯ ದ್ವಾರಗಳಲ್ಲಿ ತಪಾಸಣೆ ನಡೆಯುತ್ತದೆ. ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ಫೇಸ್‌ಬುಕ್ ತಾಣದ ಹೆಸರಿಗೆ ಸಂಖ್ಯಾ ವಿಳಾಸ ಯಾವುದೆಂದು ಕೇಳಿ ನೋಡಿದೆ. ಬಂದ ಉತ್ತರ ಫೇಸ್‌ಬುಕ್ಕಿಗೆ ಸಂಬಂಧವೇ ಇಲ್ಲದ ಬೇರೆ ಯಾವುದೋ ಸಂಸ್ಥೆಯ ವಿಳಾಸವಾಗಿತ್ತು, ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೊಂದು. ಅಂಚೆಯವನನ್ನು ದಾರಿ ಕೇಳಿದರೆ ಪ್ರತಿ ಸಲವೂ ಬೇರೆ ಬೇರೆ ಮನೆ ತೋರಿಸಿದಂತೆ. ಇದಲ್ಲದೆ ಕೆಲವು ವಿಳಾಸಗಳನ್ನು ನೇರವಾಗಿ ಮುಚ್ಚಿರುತ್ತಾರೆ. ಇನ್ನು ಕೆಲವು ಕಡೆ, ಗೂಢಲಿಪಿಯ ಸಂಪರ್ಕ ಆರಂಭವಾಗುವ ಮುನ್ನ ತೆರೆದ ರೂಪದಲ್ಲಿ ಹೋಗುವ ತಾಣದ ಹೆಸರನ್ನು ಓದಿ, ಆ ಕ್ಷಣದಲ್ಲೇ ಸಂಪರ್ಕವನ್ನು ಕತ್ತರಿಸುತ್ತಾರೆ. ಆದರೆ ವಿದೇಶಿ ಸಿಮ್ ರೋಮಿಂಗ್‌ನಲ್ಲಿದ್ದಾಗ ಅಲ್ಲಿನ ಗೋಪುರ ನಮ್ಮ ದತ್ತಾಂಶವನ್ನು ಹಾಗೆಯೇ ಹೊತ್ತು ನಮ್ಮ ಸ್ವಂತ ದೂರಸಂಪರ್ಕ ಕಂಪನಿಯ ದ್ವಾರಕ್ಕೆ ತಲುಪಿಸುತ್ತದೆ, ಅಂತರ್ಜಾಲಕ್ಕೆ ನಾವು ಇಳಿಯುವುದು ಅಲ್ಲಿಂದ. ಸುಝೌನಲ್ಲಿ ಕುಳಿತಿದ್ದರೂ ನನ್ನ ಫೋನ್ ಅಂತರ್ಜಾಲದ ಕಣ್ಣಿಗೆ ಭಾರತದಲ್ಲೇ ಇತ್ತು. ಇದರಲ್ಲಿ ಯಾವ ಕಳ್ಳದಾರಿಯೂ ಇಲ್ಲ. ರೋಮಿಂಗ್ ವ್ಯವಸ್ಥೆಯೇ ಹಾಗಿದೆ, ಪ್ರವಾಸಿಗಳೂ ವ್ಯಾಪಾರಿಗಳೂ ದಿನವೂ ಅದನ್ನೇ ಬಳಸುತ್ತಾರೆ.

ತೊಂದರೆ ಬೆಲೆಯದು. ಭಾರತದ ಸಿಮ್‌ನ ರೋಮಿಂಗ್ ಪ್ಯಾಕು ವಾರದ ಪ್ರವಾಸಕ್ಕೆ ಸರಿಯೇ ಹೊರತು ವರ್ಷಗಟ್ಟಲೆ ಉಳಿಯುವವನಿಗೆ ಹೊರೆ. ಅದೇ ವರ್ಷ ಹಾಂಗ್‌ಕಾಂಗ್‌ಗೆ ಹೋದಾಗ ಅಲ್ಲಿನ ಒಂದು ಪ್ರೀಪೇಯ್ಡ್ ಸಿಮ್ ತಂದೆ. ಹಾಂಗ್‌ಕಾಂಗ್‌ನಲ್ಲಿ ಆ ನಿರ್ಬಂಧಗಳಿರಲಿಲ್ಲ, ಚೀನಾದ ಒಳಗೂ ನಡೆಯುವ ಪ್ಯಾಕುಗಳು ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ಎರಡು ಸಿಮ್ಮಿನ ಫೋನಿನಲ್ಲಿ ಒಂದು ಕಡೆ ಚೀನಾದ ಸಿಮ್, ಇನ್ನೊಂದು ಕಡೆ ಹಾಂಗ್‌ಕಾಂಗ್‌ನದು. ಭಾರತದ ಸಿಮ್ ಮಾತ್ರ ಒಂದು ಹಳೆಯ ಕೀಪ್ಯಾಡ್ ಫೋನಿನಲ್ಲಿ, ಬ್ಯಾಂಕಿನ ಓಟಿಪಿಗಾಗಿ. ರೋಮಿಂಗ್ ದತ್ತಾಂಶವನ್ನು ಮಾತಿಗಷ್ಟೇ ಮೀಸಲಿಟ್ಟೆ. ನನ್ನ ಫೋನಿನ ಲೆಕ್ಕದಂತೆ ಹತ್ತು ನಿಮಿಷದ ಧ್ವನಿ ಕರೆಗೆ ಐದಾರು ಎಂಬಿ ಹೋಗುತ್ತಿತ್ತು, ಅದೇ ವಿಡಿಯೊ ಆದರೆ ಅದರ ಹತ್ತು ಪಟ್ಟು. ಹಾಗಾಗಿ ವಾರದಲ್ಲಿ ಆರು ದಿನ ದನಿ, ಭಾನುವಾರ ಮುಖ ಎಂದು ಮಗಳೊಡನೆ ಒಪ್ಪಂದವಾಯಿತು. ಸುಝೌನಲ್ಲಿ ರಾತ್ರಿ ಒಂಬತ್ತಾದರೆ ಮಂಗಳೂರಿನಲ್ಲಿ ಸಂಜೆ ಆರೂವರೆ, ದೀಪ ಹಚ್ಚುವ ಹೊತ್ತು. ಆ ಹೊತ್ತಿಗೆ ನಾನು ವೈಫೈಯನ್ನು ಆರಿಸಿ ಕೂರುತ್ತಿದ್ದೆ. ವೈಫೈ ಆರಿಸುವುದು ಸಣ್ಣ ಸಂಗತಿಯಾಗಿ ಕಂಡರೂ ಅದನ್ನು ಮರೆತು ‘ರೋಮಿಂಗ್ ಹಾಕಿದರೂ ವಾಟ್ಸ್ಆ್ಯಪ್ ನಡೆಯುತ್ತಿಲ್ಲ’ ಎಂದು ಒದ್ದಾಡಿದವರನ್ನು ನಾನು ಹಲವರನ್ನು ಕಂಡಿದ್ದೇನೆ, ಏಕೆಂದರೆ ವೈಫೈ ಇದ್ದಾಗ ಫೋನ್ ಅದನ್ನೇ ಬಳಸಿಕೊಳ್ಳುತ್ತದೆ.

ಇದೇ ವೈಫೈಯ ವಿಷಯದಲ್ಲಿ ನಾನು ಕಳೆದುಕೊಂಡದ್ದನ್ನು ಹೇಳಲೇಬೇಕು. ವಾಟ್ಸ್ಆ್ಯಪ್‌ನ ಬ್ಯಾಕಪ್ ಗೂಗಲ್ ಡ್ರೈವ್‌ಗೆ, ಅದೂ ವೈಫೈ ಇದ್ದಾಗ ಮಾತ್ರ ಹೋಗಲಿ ಎಂದು ಊರಿನಲ್ಲಿದ್ದಾಗಲೇ ಇಟ್ಟಿದ್ದೆ. ಅಲ್ಲಿನ ವೈಫೈಯಲ್ಲಿ ಗೂಗಲ್ ಇಲ್ಲ, ಗೂಗಲ್ ಸಿಗುವ ರೋಮಿಂಗ್‌ನಲ್ಲಿ ವೈಫೈ ಇಲ್ಲ. ಹೀಗೆ ಏಳು ತಿಂಗಳು ಒಂದು ದಿನವೂ ಬ್ಯಾಕಪ್ ಆಗಿರಲಿಲ್ಲ, ನಾನು ಗಮನಿಸಿಯೂ ಇರಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಫೋನ್ ಮತ್ತೆ ಹತ್ತಲೇ ಇಲ್ಲ. ಮಗಳು ಅಕ್ಷರ ಕಲಿಯುತ್ತಿದ್ದ ದಿನಗಳವು. ಪಾಠದ ಪುಸ್ತಕವನ್ನು ಬೆರಳಿಟ್ಟು, ತಡೆದು ತಡೆದು ಓದಿ, ನಡುವೆ ‘ಅಪ್ಪಾ, ಇದು ಒತ್ತಕ್ಷರ, ನಿಲ್ಲಿ’ ಎಂದು ಹೇಳಿ ಮುಂದುವರಿಸಿ ಕಳುಹಿಸುತ್ತಿದ್ದ ಧ್ವನಿ ಸಂದೇಶಗಳೆಲ್ಲ ಅದರೊಳಗಿದ್ದವು. ಕೆಲವನ್ನು ಹೆಂಡತಿಯ ಫೋನಿನಿಂದ ಮರಳಿ ಪಡೆದೆ, ಅವಳ ಫೋನಿನಲ್ಲಿ ಜಾಗ ಸಾಲದೆ ಅಳಿಸಿದ್ದವು ಹೋದವು. ಅಂದಿನಿಂದ ಪ್ರತಿ ಶನಿವಾರ ಕೇಬಲ್ ಹಾಕಿ ಫೋನಿನ ಕಡತಗಳನ್ನು ಲ್ಯಾಪ್‌ಟಾಪಿಗೆ ನಕಲು ಮಾಡುವುದನ್ನು ತಪ್ಪಿಸಲಿಲ್ಲ.

ಗೂಢಲಿಪಿಯ ಮರೆಯಲ್ಲಿ ಬೇರೆ ದೇಶದ ಸರ್ವರ್ ಮೂಲಕ ಅಂತರ್ಜಾಲ ಸೇರಿಸುವ ವಿಪಿಎನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೋದ ಮೊದಲ ವರ್ಷ ನಾನೂ ಒಂದು ಸೇವೆಗೆ ವರ್ಷದ ಚಂದಾ ಕಟ್ಟಿದ್ದೆ. ಕೆಲವು ವಾರ ಚೆನ್ನಾಗಿ ನಡೆಯುತ್ತಿತ್ತು, ಕೆಲವು ವಾರ ದಿನಕ್ಕೆ ನಾಲ್ಕು ಸಲ ಸರ್ವರ್ ಬದಲಿಸಬೇಕಾಗುತ್ತಿತ್ತು. ಚೀನಾ ಜನತಾ ಗಣರಾಜ್ಯದ 70ನೇ ವರ್ಷಾಚರಣೆ 2019ರ ಅಕ್ಟೋಬರ್ 1ರಂದು ಇತ್ತು. ಆ ಸುಮಾರಿಗೆ ಅದು ಪೂರ್ತಿ ನಿಂತಿತು, ದೂರಿದರೆ ‘ಪ್ರಯತ್ನಿಸುತ್ತಿದ್ದೇವೆ’ ಎಂಬ ಒಂದೇ ಉತ್ತರ. ಸಾಮಾನ್ಯ ವಿಪಿಎನ್ ವಿಧಾನಗಳು ಸಂಪರ್ಕ ಕುದುರಿಸುವಾಗ ಬಿಡುವ ಗುರುತನ್ನು ಅಲ್ಲಿನ ತಪಾಸಣೆ ಹಿಡಿಯಬಲ್ಲದು, ಆದ್ದರಿಂದ ಅತಿ ಅಗತ್ಯವಾದ ದಿನವೇ ಅವು ಕೈಕೊಡುತ್ತವೆ. ಕಾನೂನಿನ ಪ್ರಶ್ನೆ ಇದಕ್ಕಿಂತ ದೊಡ್ಡದು. ಸರ್ಕಾರ ಒಪ್ಪಿದ ದ್ವಾರಗಳ ಮೂಲಕವಲ್ಲದೆ ಬೇರೆ ದಾರಿಯಲ್ಲಿ ಹೊರಗಿನ ಜಾಲ ಸೇರಬಾರದೆಂಬ ನಿಯಮ ಅಲ್ಲಿ 1996ರಿಂದಲೇ ಇದೆ, ಮುರಿದವರಿಗೆ 15,000 ಯುವಾನ್‌ವರೆಗೆ ದಂಡ ಹಾಕಬಹುದು. ಕಂಪನಿಗಳು ಪರವಾನಗಿ ಪಡೆದ ದೂರಸಂಪರ್ಕ ಸಂಸ್ಥೆಗಳಿಂದ ಅಂತರರಾಷ್ಟ್ರೀಯ ಮಾರ್ಗವನ್ನು ಬಾಡಿಗೆಗೆ ಪಡೆಯಬಹುದು. ನಮ್ಮ ಕಾರ್ಖಾನೆಯಲ್ಲೂ ಅಂಥ ಮಾರ್ಗವಿತ್ತು, ಆದರೆ ಅದು ಕಚೇರಿ ಕೆಲಸಕ್ಕೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿದ್ದರು. ಸ್ವಂತ ಮಾತಿಗೆ ಅದನ್ನು ನಾನು ಬಳಸಲಿಲ್ಲ. ಇನ್ನೊಂದು ನೆಲದಲ್ಲಿ ವೀಸಾದ ಮೇಲೆ ಬದುಕುವವನು ಅಲ್ಲಿನ ಕಾನೂನನ್ನು ಹಗುರವಾಗಿ ಎಣಿಸುವುದು ತಪ್ಪೆಂದು ಆ ಅಕ್ಟೋಬರ್‌ನ ಬಳಿಕ ನನಗೆ ದೃಢವಾಯಿತು, ಚಂದಾ ಮುಂದುವರಿಸಲಿಲ್ಲ. ಪುಕ್ಕಟೆಯಾಗಿ ಸಿಗುವ ವಿಪಿಎನ್‌ಗಳ ಗೊಡವೆಯಂತೂ ಬೇಡ. ನಮ್ಮ ಬ್ಯಾಂಕಿನ ವ್ಯವಹಾರವನ್ನೆಲ್ಲ ಗುರುತಿಲ್ಲದವರ ಕೈಯ ಮೂಲಕ ಹಾಯಿಸಿದಂತಾಗುತ್ತದೆ.

ಅಮ್ಮನದು ಬೇರೆಯೇ ಸಮಸ್ಯೆಯಾಗಿತ್ತು. ನಾನು ಎಷ್ಟು ದಾರಿ ಕಂಡುಕೊಂಡರೂ ಆ ಕಡೆಯಲ್ಲಿ ಅವರಿಗೆ ಸುಲಭವಾಗದಿದ್ದರೆ ಪ್ರಯೋಜನವಿಲ್ಲ. ಚೀನಾದಲ್ಲಿ ಎಲ್ಲರ ಕೈಯಲ್ಲಿದ್ದ ವೀಚಾಟ್ ಎಂಬ ಸಂದೇಶದ ಆ್ಯಪ್ ಯಾವ ಅಡ್ಡಿಯೂ ಇಲ್ಲದೆ ನಡೆಯುತ್ತದೆ, ವೈಫೈಯಲ್ಲಿ ಖರ್ಚೂ ಇಲ್ಲ ಎಂದು ರಜೆಯಲ್ಲಿ ಬಂದಾಗ ಹೆಂಡತಿಯ ಮತ್ತು ಅಮ್ಮನ ಫೋನಿಗೆ ಅದನ್ನು ಹಾಕಿಕೊಟ್ಟೆ. ಹೊಸ ಖಾತೆಗೆ ಹಳೆಯ ಬಳಕೆದಾರರೊಬ್ಬರು ಸಂಕೇತ ಚಿತ್ರವನ್ನು ಸ್ಕ್ಯಾನ್ ಮಾಡಿ ಸಾಕ್ಷಿ ನಿಲ್ಲಬೇಕಿತ್ತು. ನನ್ನ ಖಾತೆಯಿಂದ ಅದು ಆಗದೆ, ಆ ಚಿತ್ರವನ್ನು ಸುಝೌನ ಸಹೋದ್ಯೋಗಿಗೆ ಕಳುಹಿಸಿ ಅವರಿಂದ ಮಾಡಿಸಿದೆ. ಒತ್ತಿ ಹಿಡಿದು ಮಾತನಾಡಿ ಬಿಟ್ಟರೆ ಸಂದೇಶ ಹೋಗುವ ಕ್ರಮ ಅಮ್ಮನಿಗೆ ಬಹಳ ಹಿಡಿಸಿತು. ತೋಟಕ್ಕೆ ನೀರು ಬಿಟ್ಟದ್ದು, ಅಡಿಕೆಗೆ ಬಂದ ಧಾರಣೆ ಎಲ್ಲವೂ ಬರತೊಡಗಿದವು. ವೀಚಾಟ್‌ನ ಸಂದೇಶಗಳಿಗೆ ವಾಟ್ಸ್ಆ್ಯಪ್‌ನಲ್ಲಿರುವಂತೆ ಈ ತುದಿಯಿಂದ ಆ ತುದಿಯವರೆಗಿನ ಗೂಢಲಿಪಿಯ ರಕ್ಷಣೆ ಇಲ್ಲ. ಹಣಕಾಸು, ಆಧಾರ್, ರಾಜಕೀಯ ಇವು ಅದರಲ್ಲಿ ಬೇಡ ಎಂದು ಮನೆಯವರಿಗೆಲ್ಲ ಹೇಳಿದ್ದೆ, ಅವರೂ ಪಾಲಿಸಿದರು.

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪ್ರತಿಭಟನೆಯ ವೇಳೆ ಗೋಲಿಬಾರ್ ನಡೆದು, ಆ ರಾತ್ರಿಯಿಂದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 48 ಗಂಟೆಗಳ ಕಾಲ ಮೊಬೈಲ್ ಅಂತರ್ಜಾಲವನ್ನು ನಿಲ್ಲಿಸಿದಾಗ, ಗೋಡೆ ನಾನಿರುವ ಕಡೆಗಷ್ಟೇ ಇದೆ ಎಂಬ ನನ್ನ ಎಣಿಕೆ ತಲೆಕೆಳಗಾಯಿತು. ನನ್ನ ಕಡೆ ಎಲ್ಲ ಸರಿಯಿತ್ತು. ಸಂದೇಶದ ಪಕ್ಕದಲ್ಲಿ ಒಂದೇ ಗೀಟು ಬಿದ್ದು, ಎರಡನೆಯದು ಬೀಳದೆ ಉಳಿಯಿತು. ಮನೆಯವರೆಲ್ಲ ಕ್ಷೇಮವಾಗಿದ್ದಾರೋ ಇಲ್ಲವೋ ತಿಳಿಯದೆ ಕಳೆದ ಆ ಹೊತ್ತಿನಲ್ಲಿ ನನಗೆ ಒದಗಿದ್ದು ಸ್ಕೈಪ್. ಅದರಲ್ಲಿ ಮೊದಲೇ ಸ್ವಲ್ಪ ಹಣ ಹಾಕಿಟ್ಟಿದ್ದೆ, ಹಾಗಾಗಿ ಅಲ್ಲಿಂದ ಸಾಮಾನ್ಯ ದೂರವಾಣಿಗೆ ಕರೆ ಮಾಡಬಹುದಿತ್ತು. ಹೆಂಡತಿಯ ಮೊಬೈಲ್‌ಗೆ ಸಾದಾ ಕರೆ ಹೋಯಿತು, ‘ಎಲ್ಲರೂ ಮನೆಯಲ್ಲೇ ಇದ್ದೇವೆ, ಬಾಗಿಲು ಹಾಕಿಕೊಂಡಿದ್ದೇವೆ, ನೀವು ಗಾಬರಿಯಾಗಬೇಡಿ’ ಎಂದಳು. ಅಮ್ಮನ ಮನೆಯ ಸ್ಥಿರ ದೂರವಾಣಿಗೂ ಮಾಡಿದೆ. ಗಾಳಿಗೆ ಸೋಗೆ ಬಿದ್ದು ತಂತಿ ಕಡಿಯುತ್ತದೆ, ಸುಮ್ಮನೆ ಬಾಡಿಗೆ ದಂಡ ಎಂದು ಅದನ್ನು ತೆಗೆಸಲು ಹೊರಟಿದ್ದವನು ನಾನೇ. ಅಂದಿನ ಮೇಲೆ ಆ ಮಾತೆತ್ತಲಿಲ್ಲ.

ಮುಂದಿನ ತಿಂಗಳೇ ವುಹಾನ್ ಮುಚ್ಚಿತು, ಫೆಬ್ರವರಿ ಪೂರ್ತಿ ನಾನು ಹೆಚ್ಚುಕಡಿಮೆ ಕೋಣೆಯೊಳಗೇ ಇದ್ದೆ. ಹಾಂಗ್‌ಕಾಂಗ್‌ಗೆ ಹೋಗಿಬರುವುದೂ ನಿಂತಿತು, ಆದರೆ ಸಿಮ್ಮನ್ನು ಆನ್‌ಲೈನಿನಲ್ಲೇ ರೀಚಾರ್ಜ್ ಮಾಡಲು ಆಗುತ್ತಿದ್ದುದರಿಂದ ಮಾತು ನಿಲ್ಲಲಿಲ್ಲ. ಆ ದಿನಗಳಲ್ಲಿ ಅಮ್ಮ ದಿನಕ್ಕೆ ಮೂರು ಸಲ ವೀಚಾಟ್‌ನಲ್ಲಿ ‘ಉಂಡೆಯಾ, ಜ್ವರ ಉಂಟಾ’ ಎಂದು ಕೇಳುತ್ತಿದ್ದರು. ಆಮೇಲೆ ಭಾರತ ಮತ್ತು ಚೀನಾ ಸೈನಿಕರ ನಡುವೆ ಗಾಲ್ವಾನ್ ಸಂಘರ್ಷ ನಡೆಯಿತು, 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟ್ ಕೂಡ ಸೇರಿತು. ಜುಲೈ ಕೊನೆಯ ಹೊತ್ತಿಗೆ ಅಮ್ಮನ ಖಾತೆ ತಾನಾಗಿ ಲಾಗೌಟ್ ಆಯಿತು, ಮತ್ತೆ ತೆರೆಯಲಿಲ್ಲ. ಒಂದು ದೇಶದಲ್ಲಿ ವಾಟ್ಸ್ಆ್ಯಪ್ ಇಲ್ಲ, ಇನ್ನೊಂದು ದೇಶದಲ್ಲಿ ವೀಚಾಟ್ ಇಲ್ಲ. ಅಮ್ಮನಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಾಯಿತು. ಗುಂಡಿ ಒತ್ತುವುದರಲ್ಲಿ ತಾವೇ ಏನೋ ತಪ್ಪು ಮಾಡಿ ಕೆಡಿಸಿದೆ ಎಂದು ಎರಡು ದಿನ ಕೊರಗಿದರು. ಅಲ್ಲಿಂದ ಮುಂದೆ ನಾನು ಅವರಿಗೆ ಹೊಸ ಆ್ಯಪ್ ಕಲಿಸಲು ಹೋಗಲಿಲ್ಲ. ಪ್ರತಿದಿನ ಅವರ ಸಂಜೆ ಆರು ಗಂಟೆಗೆ ಸ್ಕೈಪ್‌ನಿಂದ ಸ್ಥಿರ ದೂರವಾಣಿಗೆ ಕರೆ ಮಾಡುತ್ತಿದ್ದೆ, ಅವರು ರಿಸೀವರ್ ಎತ್ತಿದರೆ ಸಾಕಿತ್ತು.

ಸಣ್ಣ ಅಡಚಣೆಗಳು ಇನ್ನೂ ಹಲವು. 2019ರ ಏಪ್ರಿಲ್‌ನಿಂದ ವಿಕಿಪೀಡಿಯದ ಎಲ್ಲ ಭಾಷೆಗಳ ಆವೃತ್ತಿಗಳೂ ಅಲ್ಲಿ ಮುಚ್ಚಿದವು, ಕನ್ನಡದ್ದೂ ಅದರೊಂದಿಗೆ ಹೋಯಿತು. ಕನ್ನಡ ಪುಟಗಳಲ್ಲಿ ಜೋಡಿಸಿದ ಯೂಟ್ಯೂಬ್ ವಿಡಿಯೊಗಳಿದ್ದ ಕಡೆಯೆಲ್ಲ ಬರೀ ಬೂದು ಚೌಕ. ‘ನಾನು ರೋಬೋಟ್ ಅಲ್ಲ’ ಎಂಬ ಗೂಗಲ್‌ನ ಪರೀಕ್ಷೆ ಮೂಡದೆ ಹಲವು ಅರ್ಜಿಗಳನ್ನು ಸಲ್ಲಿಸಲಾಗುತ್ತಿರಲಿಲ್ಲ. ಓಟಿಪಿಗೆಂದು ಇಟ್ಟಿದ್ದ ಭಾರತದ ಸಿಮ್‌ಗೆ ತಿಂಗಳಿಗೆ ಕನಿಷ್ಠ 35 ರೂಪಾಯಿ ತುಂಬಬೇಕೆಂಬ ಕ್ರಮ 2018ರ ಕೊನೆಯಲ್ಲಿ ಬಂದದ್ದು ತಿಳಿಯದೆ ಒಮ್ಮೆ ಆ ಸಂಖ್ಯೆ ಸ್ಥಗಿತವಾಗಿ, ಹೆಂಡತಿ ಅಂಗಡಿಗೆ ಹೋಗಿ ಸರಿಮಾಡಿಸಬೇಕಾಯಿತು. ವಾಟ್ಸ್ಆ್ಯಪ್ ಖಾತೆಯೂ ಆ ಸಂಖ್ಯೆಗೇ ಕಟ್ಟಿಕೊಂಡಿರುವುದರಿಂದ ಅದನ್ನು ಉಳಿಸಿಕೊಳ್ಳುವುದು ಬಹಳ ಮುಖ್ಯ.

2021ರಲ್ಲಿ ನಾನು ಮರಳಿದೆ. ಈಗ ಅಲ್ಲಿಗೆ ಹೊರಡುವವರು ಬಂದು ಕೇಳಿದರೆ ಕೆಲವು ಬದಲಾವಣೆಗಳನ್ನು ಸೇರಿಸಿ ಹೇಳುತ್ತೇನೆ. ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿದೆ, ಆದ್ದರಿಂದ ಸಾದಾ ದೂರವಾಣಿಗೆ ಕರೆ ಮಾಡುವ ಬೇರೊಂದು ಸೇವೆಯನ್ನು ಊರಿನಲ್ಲೇ ಗೊತ್ತುಮಾಡಿಕೊಳ್ಳಬೇಕು. ಹಾಂಗ್‌ಕಾಂಗ್‌ನ ಪ್ರೀಪೇಯ್ಡ್ ಸಿಮ್‌ಗೂ ಈಗ ಗುರುತಿನ ದಾಖಲೆ ಕೊಟ್ಟು ನೋಂದಾಯಿಸಬೇಕು. ಪ್ರವಾಸಿಗಳಿಗೆಂದು ಮಾರುವ ಇಸಿಮ್, ಅಂದರೆ ಚೀಟಿಯಿಲ್ಲದೆ ಅಂತರ್ಜಾಲದಿಂದಲೇ ಫೋನಿಗೆ ಇಳಿಸಿಕೊಳ್ಳುವ ಸಿಮ್, ಸುಲಭ, ಆದರೆ ಅದನ್ನು ವಿಮಾನ ಹತ್ತುವ ಮುನ್ನವೇ ಫೋನಿಗೆ ಇಳಿಸಿಕೊಂಡಿರಬೇಕು, ಮಾರುವವರ ತಾಣ ಅಲ್ಲಿ ತೆರೆಯದೇ ಇರಬಹುದು. ಕಳೆದ ಬಾರಿ ಹೊರಟ ಹುಡುಗನೊಬ್ಬನನ್ನು ಹಿಂದಿನ ದಿನ ಮನೆಗೆ ಕರೆಸಿ, ಅವನ ಬ್ಯಾಕಪ್ ವ್ಯವಸ್ಥೆಯನ್ನು ಬದಲಾಯಿಸಿ, ಅವನ ತಂದೆಯ ಸಾದಾ ಫೋನಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆಸಿ ಪಾಸ್‌ಪೋರ್ಟಿನ ಹೊದಿಕೆಯೊಳಗೆ ಇಡಿಸಿದೆ.